ತಳ್ಳುವವರಿಗೆ ರಜೆ

ಇನ್ನು ಮುಂದೆ ತಮ್ಮ ಕಾರನ್ನು ಯಾರೂ ತಳ್ಳಬೇಕಾಗಿಲ್ಲ ಎಂದು ಕೋಮಲ ಗುರುವಾರ ಸಂಜೆ ಇಡೀ ಬೀದಿಗೆ ಕೇಳುವಂತೆ ಸಾರಿದಳು. ಸಾರುವಾಗ ಅವಳ ಒಂದು ಕೈಯಲ್ಲಿ ಸ್ಪ್ಯಾನರ್ ಇತ್ತು, ಇನ್ನೊಂದರಲ್ಲಿ ಅಡುಗೆ ಸೋಡದ ಡಬ್ಬಿ. ಯುದ್ಧಕ್ಕೆ ಹೊರಟ ರಾಣಿಯರೂ ಇಷ್ಟು ಸನ್ನದ್ಧರಾಗಿ ನಿಂತಿರಲಾರರು!

ಆ ವೀರಾವೇಶದ ಹಿಂದೆ ಇದ್ದದ್ದು ಬರೀ ದಣಿವು. ಕೊಳ್ಳೇಗಾಲದ ಆ ಬೀದಿಗೆ ದಿನಾ ಬೆಳಗಾಗುತ್ತಿದ್ದುದೇ ಅವಳ ಗಂಡ ಶಾಂತಮೂರ್ತಿಯ ಕಾರಿನಿಂದ. ಕೀಲಿ ತಿರುಗಿಸಿದರೆ ಅದು ‘ಟಿಕ್’ ಎನ್ನುತ್ತಿತ್ತು. ಮತ್ತೆ ತಿರುಗಿಸಿದರೆ ಮತ್ತೊಂದು ‘ಟಿಕ್’. ಎಂಜಿನ್ ಮಾತ್ರ ಮಗ್ಗುಲು ಕೂಡ ಬದಲಿಸುತ್ತಿರಲಿಲ್ಲ. ಆಗ ಎದುರುಮನೆಯ ತೆಂಗಿನಕಾಯಿ ವ್ಯಾಪಾರಿ ನಾಗಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಬರುತ್ತಿದ್ದ. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಗುರುಪಾದಸ್ವಾಮಿಯವರೂ ಬರುತ್ತಿದ್ದರು. ನಾಗಯ್ಯ ತಳ್ಳುತ್ತಿದ್ದ. ಗುರುಪಾದಸ್ವಾಮಿಯವರು “ಐಸಾ!” ಎನ್ನುತ್ತಿದ್ದರು.

ತಳ್ಳುವುದಕ್ಕೆ ಕೂಲಿಯೇನೂ ಇರಲಿಲ್ಲ. ಆದರೆ ಬೀದಿಯಲ್ಲಿ ತಾನಾಗಿಯೇ ಒಂದು ಕಾನೂನು ಹುಟ್ಟಿಕೊಂಡಿತ್ತು: ತಳ್ಳಿದವರಿಗೆ ಸೀಟು. ಯಳಂದೂರಿನ ಮದುವೆಗೆ ಹೊರಟರೆ ನಾಗಯ್ಯನ ಕಾಯಿ ಮೂಟೆಯೂ ದಿಬ್ಬಣದಲ್ಲಿ ಸೇರುತ್ತಿತ್ತು. ಗಂಡನ ಜೊತೆ ಇಬ್ಬರೇ ಕೂತು ಎಲ್ಲಿಗಾದರೂ ಹೋಗುವುದು ಕೋಮಲಳ ಪಾಲಿಗೆ ಕನಸಾಗಿತ್ತು. ಆ ಕನಸಿನಲ್ಲೂ ಮುಂದಿನ ಸೀಟಿನಲ್ಲಿ ಗುರುಪಾದಸ್ವಾಮಿಯವರೇ ಕೂತಿರುತ್ತಿದ್ದರು.

“ಮೆಕ್ಯಾನಿಕ್‌ಗೆ ತೋರಿಸ್ರೀ” ಎಂದರೆ ಶಾಂತಮೂರ್ತಿ, “ತಳ್ಳಿದ್ರ ಸ್ಟಾರ್ಟ್ ಆಯ್ತದಲ್ಲ, ಇನ್ನೇನ್ ಬೇಕು ನಿಂಗ?” ಎಂದು ಕೇಳುತ್ತಿದ್ದ. ಈ ಪ್ರಶ್ನೆಗೆ ಭೌತಶಾಸ್ತ್ರದಲ್ಲಿ ಉತ್ತರವಿರಲಿಲ್ಲ.

ಭೌತಶಾಸ್ತ್ರ ಎಂದದ್ದಕ್ಕೆ ಕಾರಣವಿದೆ. ಶುಕ್ರವಾರ ಹನೂರಿನ ಒಂದು ಕಾಲೇಜಿನಲ್ಲಿ ಕೋಮಲಳಿಗೆ ಸಂದರ್ಶನ. ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿಯ ಕೆಲಸ. ಮದುವೆಯಾದಂದಿನಿಂದ ಅವಳ ಎಂ.ಎಸ್ಸಿ. ಪದವಿ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿ ಮಲಗಿತ್ತು. ಅದು ಎದ್ದು ಗಾಳಿ ಬೆಳಕು ನೋಡಲು ಸಿಕ್ಕ ಮೊದಲ ಅವಕಾಶ ಇದು. ಪಾಠ ಮಾಡಿ ತೋರಿಸಬೇಕಿತ್ತು, ವಿಷಯ ವಿದ್ಯುತ್ ಪ್ರವಾಹ. ಅಂಥ ಕಡೆ ಕಾಯಿ ಮೂಟೆಯ ಪಕ್ಕದಿಂದ ಇಳಿಯುವುದು ಹೇಗೆ?

ಅದಕ್ಕೇ ಗುರುವಾರ ಮಧ್ಯಾಹ್ನ ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಬಾನೆಟ್ ಎತ್ತಿದ್ದಳು. ಕಾರು ಏಳುವುದೆಂದರೆ ಇಷ್ಟೇ: ಕೀಲಿ ಹೇಳುತ್ತದೆ, ಬ್ಯಾಟರಿ ಕೊಡುತ್ತದೆ, ಸ್ಟಾರ್ಟರ್ ಮೋಟಾರು ತಿರುಗಿ ಎಂಜಿನ್ನನ್ನು ಎಬ್ಬಿಸುತ್ತದೆ. ಹೆಡ್‌ಲೈಟು ಚೆನ್ನಾಗಿ ಉರಿಯುತ್ತಿತ್ತು. ಹಾಗಾದರೆ ಬ್ಯಾಟರಿ ಸತ್ತಿಲ್ಲ. ‘ಟಿಕ್’ ಎನ್ನುತ್ತಿತ್ತು, ಹಾಗಾದರೆ ಕೀಲಿಯ ಮಾತು ತಲುಪಿದೆ. ಕರೆಂಟು ದಾರಿಯಲ್ಲೆಲ್ಲೋ ಸಿಕ್ಕಿಕೊಂಡಿದೆ! ನೋಡಿದರೆ ಬ್ಯಾಟರಿಯ ಟರ್ಮಿನಲ್‌ಗಳ ಸುತ್ತ ಹಳೆ ಚೊಂಬಿನ ಕಿಲುಬಿನಂತೆ ಹಸಿರು ಹುಡಿ. ತಂತಿಯ ಕ್ಲಿಪ್ಪು ಬಿಚ್ಚಿ, ಸೋಡ ಹಾಕಿದ ಬಿಸಿನೀರಿನಲ್ಲಿ ತಿಕ್ಕಿ, ಒರೆಸಿ, ಬಿಗಿದು, ಕೀಲಿ ತಿರುಗಿಸಿದಳು.

ಎಂಜಿನ್ ಒಂದೇ ಏಟಿಗೆ ಎದ್ದು ಕೂತಿತು!

ಸಾರಿದ್ದು ಆಮೇಲೆ.

“ಅಂಗಾರ ನಾವು ಬ್ಯಾಡ್ವಾ ಕಣವ್ವ?” ನಾಗಯ್ಯ ಪಂಚೆ ಇಳಿಬಿಟ್ಟು ಕೇಳಿದ.

“ಬೇಡ ನಾಗಯ್ಯ. ಇನ್ಮೇಲೆ ನಿಮಗೆಲ್ಲ ರಜೆ.”

ಗುರುಪಾದಸ್ವಾಮಿಯವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲು ಸ್ವಲ್ಪ ಜೋರಾಗಿಯೇ ಸದ್ದು ಮಾಡಿತು.

ರಾತ್ರಿಯಿಡೀ ಬ್ಯಾಟರಿಯ ಶಕ್ತಿ ಸೋರದಿರಲೆಂದು, ವಿಡಿಯೋದವನ ಮಾತಿನಂತೆ, ಅವಳು ಕಪ್ಪು ತಂತಿಯನ್ನು ಬಿಚ್ಚಿಟ್ಟು ಮಲಗಿದಳು. ಬಾನೆಟ್ ತೆರೆದೇ ಇತ್ತು. ಬೆಳಿಗ್ಗೆ ಇಸ್ತ್ರಿ ಸೀರೆ ಉಟ್ಟು ಬಂದು ತಂತಿ ಸಿಕ್ಕಿಸಿ, ಬಿಗಿದು, ಕೀಲಿ ತಿರುಗಿಸಿದಳು.

ಟಿಕ್.

“ರೀ, ನಿನ್ನೆ ಸ್ಟಾರ್ಟ್ ಆಯ್ತಲ್ವಾ?”

“ನಿನ್ನ ಆಯ್ತು.”

“ನೀವೇನಾದ್ರೂ ಮುಟ್ಟಿದ್ರಾ?”

“ನಾನ್ ಮುಟ್ಟೋದು ಸ್ಟೇರಿಂಗ್ ಒಂದ್ನೇ ಕಣ್ ಕೋಮಲ. ಡಾಕ್ಟ್ರು ನೀನು.”

ಡಾಕ್ಟರು ಫ್ಯೂಸ್ ನೋಡಿದರು. ರಿಲೇ ಕಿತ್ತು ಮತ್ತೆ ಸಿಕ್ಕಿಸಿದರು. ಸ್ಟಾರ್ಟರ್ ಮೋಟಾರಿಗೆ ಮೆಲ್ಲಗೆ ತಟ್ಟಬೇಕೆಂದು ವಿಡಿಯೋದವನು ಹೇಳಿದ್ದು ನೆನಪಾಗಿ, ಕೈಗೆ ಸಿಕ್ಕ ಮುದ್ದೆ ಕೋಲಿನಿಂದ ತಟ್ಟಿದರು. ಕೋಲಿಗೆ ಗ್ರೀಸು ಮೆತ್ತಿತು, ಮೋಟಾರಿಗೆ ಹಿಟ್ಟು ಮೆತ್ತಿತು. ಅಷ್ಟರಲ್ಲಿ ದೊಡ್ಡ ರಸ್ತೆಯಲ್ಲಿ ಹನೂರಿನ ಬಸ್ಸು ಹಾರನ್ ಹೊಡೆದುಕೊಂಡು ಹೊರಟೇಹೋಯಿತು. ಇನ್ನೊಂದು ಬಸ್ಸಿಗೆ ಕಾದರೆ ಸಂದರ್ಶನ ಮುಗಿದಿರುತ್ತದೆ.

“ನಾಗಯ್ಯನ್ನ ಕರೀರಿ” ಎಂದಳು ಕೋಮಲ, ದನಿ ಇಳಿಸಿ.

“ನೀನೇ ಕರಿ. ರಜಾ ಕೊಟ್ಟೋಳು ನೀನು.”

ನಾಗಯ್ಯ ಜಗುಲಿಯ ಮೇಲೆ ಎಲೆಅಡಿಕೆ ಮೆಲ್ಲುತ್ತಿದ್ದ. “ನಾವು ರಜದಲ್ಲಿವಿ ಕಣವ್ವ” ಎಂದ.

ಗುರುಪಾದಸ್ವಾಮಿಯವರು ಪೇಪರಿನ ಹಿಂದಿನಿಂದಲೇ ಮಾತಾಡಿದರು. “ರಜ ಮಂಜೂರಾದ್ಮೇಲ ವಾಪಸ್ ಕರೆಸ್ಕೊಬೇಕಾರ ಕಾರಣ ಕೊಡ್ಬೇಕಮ್ಮ. ಇಲಾಖೇಲಿ ಅಂಗೇ ಇರೋದು. ಕಾರು ಯಾಕ ಓಯ್ತಾ ಇಲ್ಲ?”

“ಗೊತ್ತಿಲ್ಲ ಸಾರ್.”

“ಆ! ಅದ್ನ ವಸಿ ಜೋರಾಗಿ ಹೇಳಮ್ಮ, ನಾಗಯ್ಯನ್ಗ ಕಿವಿ ಮಂದ.”

“ನನಗೆ ಗೊತ್ತಿಲ್ಲ ಸಾರ್!”

ಬೀದಿಗೆಲ್ಲ ಕೇಳಿಸಿತು. ಸಮಾಧಾನವೂ ಆಯಿತು. ನಾಗಯ್ಯ ಪಂಚೆ ಎತ್ತಿ ಕಟ್ಟಿದ. ಅಂದಿನ “ಐಸಾ!” ಹಿಂದೆಂದೂ ಕೇಳದಷ್ಟು ಗಂಭೀರವಾಗಿತ್ತು. ಕಾರು ಕೆಮ್ಮಿ, ಕುಪ್ಪಳಿಸಿ, ಹೊರಟಿತು. ಮುಂದೆ ಗುರುಪಾದಸ್ವಾಮಿಯವರು, ಡಿಕ್ಕಿಯಲ್ಲಿ ಕಾಯಿ ಮೂಟೆ, ಹಿಂದಿನ ಸೀಟಿನಲ್ಲಿ ನಾಗಯ್ಯನಿಗೂ ಅತ್ತೆ ಶಿವರತ್ನಮ್ಮನಿಗೂ ನಡುವೆ ಕೋಮಲ. ಇಸ್ತ್ರಿಯ ಗೆರೆಗಳು ಒಂದೊಂದಾಗಿ ಪ್ರಾಣ ಬಿಟ್ಟವು.

ಕಾಮಗೆರೆಯಲ್ಲಿ ನಾಗಯ್ಯ ಮೂಟೆಯ ಸಮೇತ ಇಳಿದುಕೊಂಡ. ಹೊಲಗಳು ಹಿಂದೆ ಸರಿಯುತ್ತಿದ್ದವು, ದೂರದ ಬೆಟ್ಟಗಳು ಯಾವ ಅವಸರವೂ ಇಲ್ಲದೆ ಮಲಗಿದ್ದವು. ಅವುಗಳನ್ನು ನೋಡಿ ಕೋಮಲಳಿಗೆ ಹೊಟ್ಟೆಕಿಚ್ಚಾಯಿತು.

ಶಿವರತ್ನಮ್ಮ ನಿಟ್ಟುಸಿರು ಬಿಟ್ಟರು. “ಈಬತ್ತಿ ಇಟ್ರೂವೆ ಇಂಗಾಯ್ತಲ್ಲ ಕೂಸು.”

“ಯಾವುದಕ್ಕೆ ಅತ್ತೆ?”

“ಕಾರ್ಗ. ಬೆಳಿಗ್ಗ ಪೂಜಗ ಎದ್ದು ನೋಡ್ತೀನಿ, ನೀ ತೊಳ್ದಿಟ್ಟ ಬ್ಯಾಟ್ರಿ ಮೂತಿ ಬೋಳ್‌ಬೋಳಾಗಿ ನಿಂತದ. ನೀನು ಒಳ್ಳೆ ಕೆಲ್ಸಕ್ಕ ಓಗೋಳು. ನೀರಲ್ಲಿ ಕಲಸಿ, ಸುತ್ತ ದಪ್ಪಗ ಬಳದಿ.”

ಕೋಮಲ ಕಣ್ಣು ಮುಚ್ಚಿಕೊಂಡಳು. ಟರ್ಮಿನಲ್‌ನ ಸೀಸವೂ ಬೂದು, ಒಣಗಿದ ವಿಭೂತಿಯೂ ಬೂದು. ಅದರ ಮೇಲೆಯೇ ಅವಳು ತಂತಿ ಬಿಗಿದಿದ್ದಳು. ಬ್ಯಾಟರಿಗೂ ತಂತಿಗೂ ನಡುವೆ ಭಕ್ತಿ ಅಡ್ಡ ನಿಂತಿತ್ತು!

“ರೀ, ಸ್ಪ್ಯಾನರ್ ಎಲ್ಲಿ?”

“ಮನೇಲದ.”

ಹನೂರಿನಲ್ಲಿ ಶಾಂತಮೂರ್ತಿ ಕಾರನ್ನು ಕಾಲೇಜಿನ ಕಿಟಕಿಯ ಕೆಳಗೇ ನಿಲ್ಲಿಸಿದ, ಎಂಜಿನ್ ಆರಿಸದೆ. ಕಿಟಕಿಯ ಒಳಗೆ ಸಂದರ್ಶನ. ಕೋಮಲ ಬೋರ್ಡಿನ ಮೇಲೆ ಚಿತ್ರ ಬಿಡಿಸಿ, ಕರೆಂಟು ಹರಿಯಲು ಸಂಪರ್ಕ ಹೇಗಿರಬೇಕೆಂದು ವಿವರಿಸುತ್ತಿದ್ದಳು. ಹೊರಗೆ ಕಾರು ಗುರುಗುಟ್ಟುತ್ತಿತ್ತು.

ಪ್ರಾಂಶುಪಾಲರು ಕೈಯೆತ್ತಿದರು. ಅವರ ಹಣೆಯ ಮೇಲೂ ಅಚ್ಚುಕಟ್ಟಾದ ವಿಭೂತಿ. “ಯಾರದಮ್ಮ ಆ ಕಾರು? ಆಫ್ ಮಾಡಿಸಿ.”

“ನಮ್ಮದೇ ಸರ್. ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ.”

“ಏನಾಗಿದೆ?”

“ಕರೆಂಟ್ ಹರೀತಿಲ್ಲ ಸರ್.”

ಪ್ರಾಂಶುಪಾಲರು ಬೋರ್ಡನ್ನು ನೋಡಿದರು. ಅವಳನ್ನು ನೋಡಿದರು. “ಯಾಕೆ?”

“ನಮ್ಮತ್ತೆ ಟರ್ಮಿನಲ್‌ಗೆ ವಿಭೂತಿ ಹಚ್ಚಿದ್ದಾರೆ.”

ಪ್ರಾಂಶುಪಾಲರು ಹಣೆ ಮುಟ್ಟಿಕೊಂಡರು. “ವಿಭೂತಿಯಿಂದ ಕೆಡ್ತು ಅಂತೀರಾ?”

“ಹಣೆಗಾದರೆ ತೊಂದರೆಯಿಲ್ಲ ಸರ್” ಎಂದಳು ಕೋಮಲ, ಸುಸ್ತಾಗಿ. “ಟರ್ಮಿನಲ್‌ಗೆ ಮಾತ್ರ ಬೇಡ.”

ಉಪನ್ಯಾಸಕರೊಬ್ಬರು ಕೆಮ್ಮಿದರು. ಇನ್ನೊಬ್ಬರು ಕಿಟಕಿಯಿಂದ ಸನ್ನೆ ಮಾಡಿ ಕಾರು ಆಫ್ ಮಾಡಿಸಿದರು. ಆ ಮೌನದಲ್ಲಿ ಅವಳು ಉಳಿದ ಪಾಠ ಮುಗಿಸಿದಳು. ಕಳೆದುಕೊಳ್ಳಲು ಇನ್ನೇನೂ ಇಲ್ಲದವರ ನಿರಾಳ ಅವಳ ದನಿಯಲ್ಲಿತ್ತು.

ಹೊರಗೆ ಬಂದಾಗ ಕಾರು ‘ಟಿಕ್’ ಎಂದಿತು. ತಳ್ಳಲು ನಾಗಯ್ಯನಿರಲಿಲ್ಲ. ಗುರುಪಾದಸ್ವಾಮಿಯವರು ಮುಂದಿನ ಸೀಟಿನಿಂದ ಕತ್ತು ಹೊರಹಾಕಿ, “ಬನ್ನಿ ಸಾರ್, ವಸಿ ಕೈ ಆಕಿ” ಎಂದು ಇಡೀ ಸಂದರ್ಶನ ಸಮಿತಿಯನ್ನೇ ಕರೆದರು. ಭೂಮಿ ಬಾಯಿಬಿಡಲೆಂದು ಕೋಮಲ ಕಾದಳು. ಭೂಮಿ ಬಿಡಲಿಲ್ಲ. ಪ್ರಾಂಶುಪಾಲರು ಅಂಗಿಯ ತೋಳು ಮಡಚಿದರು, ಉಪನ್ಯಾಸಕರು ಹಿಂದೆ ನಿಂತರು, ಕೋಮಲ ಸೆರಗು ಸಿಕ್ಕಿಸಿದಳು. “ಐಸಾ!”

ಗೇಟಿನ ಬಳಿ ಎಂಜಿನ್ ಎದ್ದಿತು. ಪ್ರಾಂಶುಪಾಲರು ಏದುಸಿರು ಬಿಡುತ್ತಾ ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಕರವಸ್ತ್ರಕ್ಕೆ ವಿಭೂತಿ ಬಂತು.

“ಪಾಠ ಚೆನ್ನಾಗಿತ್ತಮ್ಮ. ಸೋಮವಾರದಿಂದ ಬನ್ನಿ.”

ಕೋಮಲಳ ಕಣ್ಣು ತುಂಬಿಬಂತು. “ಸರ್, ನಿಜವಾಗಲೂ?”

“ನಿಜವಾಗಲೂ” ಎಂದು ಅವರು ಕಾರಿನ ಕಡೆ ಒಮ್ಮೆ ನೋಡಿ, ಕೈ ಮುಗಿದರು. “ಬಸ್ಸಲ್ಲಿ ಬನ್ನಿ.”