ಶಾಲಿಗೆ ಬಿದ್ದ ಕತ್ತರಿ

ತನ್ನದೇ ಹಳೆಯ ಪೈಜಾಮ ಕೈಚೀಲವಾಗಿ, ಊಟದ ಡಬ್ಬಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಾಗಿಲ ಮೊಳೆಗೆ ನೇತಾಡುತ್ತಿರುವುದನ್ನು ನೋಡಿ ತಿದ್ದಪ್ಪನಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಲಾಡಿಯೇ ಚೀಲದ ಹಿಡಿ. ಮಂಡಿಗೆ ಹಾಕಿದ್ದ ತೇಪೆ ಸರಿಯಾಗಿ ಮುಂಭಾಗಕ್ಕೆ ಬಂದಿತ್ತು.

"ಇದನ್ನ ಹಿಡ್ಕೊಂಡು ನಾನು ಪ್ರೆಸ್ಸಿಗೆ ಹೋಗ್ಬೇಕಾ?"

"ಹೂಂ. ಇವತ್ತಿಂದ ಈ ಮನೆಗೆ ಒಂದು ಪ್ಲಾಸ್ಟಿಕ್ ಕವರೂ ಬರೋ ಹಾಗಿಲ್ಲ," ಎಂದಳು ಹೆಂಡತಿ.

ತಿದ್ದಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಜೊತೆಯವರು ಹಾಗೆ ಕರೆದೂ ಕರೆದೂ ಅದೇ ಅಂಟಿಕೊಂಡಿತ್ತು. ಊರಿನವರ ತಪ್ಪನ್ನೆಲ್ಲ ತಿದ್ದುವ ಈ ಮನುಷ್ಯನನ್ನು ಮನೆಯಲ್ಲಿ ಹೆಂಡತಿ ತಿದ್ದುತ್ತಿದ್ದಳು. ಆಕೆಗೆ ಇತ್ತೀಚೆಗೆ ಪರಿಸರದ ಹುಚ್ಚು ಹಿಡಿದಿತ್ತು. ತರಕಾರಿ ತೊಳೆದ ನೀರು ಗಿಡಕ್ಕೆ, ಸಿಪ್ಪೆ ಬಾಲ್ಕನಿಯ ಗೊಬ್ಬರದ ಮಡಕೆಗೆ, ಹಳೆಯ ಬಟ್ಟೆ ಹೊಲಿಗೆ ಯಂತ್ರಕ್ಕೆ. ಕಟ್ಟಡದಲ್ಲಿ ಹೊಲಿಗೆ ಯಂತ್ರ ಇದ್ದದ್ದು ಅವಳ ಹತ್ತಿರ ಮಾತ್ರ. ಹೀಗಾಗಿ ಅಕ್ಕಪಕ್ಕದವರ ಕೈಯಲ್ಲೆಲ್ಲ ಅವಳು ಹೊಲಿದ ಚೀಲಗಳೇ ಓಡಾಡುತ್ತಿದ್ದವು.

ಇಷ್ಟನ್ನೂ ತಿದ್ದಪ್ಪ ಸಹಿಸಿಕೊಂಡಿದ್ದ. ಸಹಿಸಲಾಗದೆ ಹೋದದ್ದು ಮೇಲಿನ ಮನೆಯ ಗುಂಗುರುಗೂದಲಿನ ಹುಡುಗನನ್ನು. ಅದೇ ಪ್ರೆಸ್ಸಿನಲ್ಲಿ ಪುಟ ವಿನ್ಯಾಸ ಮಾಡುವವನು. ಎಲ್ಲರ ಬಾಯಲ್ಲೂ 'ಗುಂಗುರು'. ಮನೆ ಸಿಗದೆ ಒದ್ದಾಡುತ್ತಿದ್ದಾಗ, ಪಾಪ ಎಂದು ಮೇಲಿನ ಮನೆ ಖಾಲಿಯಿರುವ ಸುದ್ದಿ ಕೊಟ್ಟು ತಂದಿಟ್ಟುಕೊಂಡದ್ದು ಸ್ವತಃ ತಿದ್ದಪ್ಪನೇ. ಮದುವೆಯಾಗದ ಅಕ್ಕನ ಜೊತೆ ಬಂದು ಸೇರಿದ ಗುಂಗುರು, ದಿನಾ ಬೆಳಿಗ್ಗೆ ತಮ್ಮ ಮನೆಯ ಸಿಪ್ಪೆಯನ್ನು ಬಟ್ಟಲಲ್ಲಿ ಹಿಡಿದು "ಅತ್ತಿಗೇ..." ಎಂದು ಕೂಗುತ್ತ ಇಳಿದು ಬರುತ್ತಿದ್ದ. ಅವಳು ಅತ್ತಿಗೆಯಾದರೆ ತಾನು ಅಣ್ಣನಾಗಬೇಕಲ್ಲ? ತಿದ್ದಪ್ಪನಿಗೆ ಮಾತ್ರ ಬರೀ 'ಸಾರ್'.

"ಅವರನ್ನ ನೋಡಿ ಕಲೀರಿ," ಎಂದಳು ಹೆಂಡತಿ ಡಬ್ಬಿ ಸರಿಪಡಿಸುತ್ತ. "ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸ್ತಾರಂತೆ."

"ಅವನು ಹಲ್ಲುಜ್ಜುವಾಗ ಏನು ಮಾಡ್ತಾನೆ ಅಂತ ನಿನಗೆ ಹೇಗೆ ಗೊತ್ತು?"

"ಥೂ, ನಿಮ್ಮ ಬುದ್ಧಿಗಿಷ್ಟು! ಹೊರಡಿ ಮೊದಲು," ಎಂದು ಅವಳು ಪೈಜಾಮವನ್ನು ಕೈಗಿತ್ತಳು.

ಪ್ರೆಸ್ಸಿನಲ್ಲಿ ಪೈಜಾಮಕ್ಕೆ ಭರ್ಜರಿ ಸ್ವಾಗತವೇ ಸಿಕ್ಕಿತು. "ಇನ್ನೊಂದು ಕಾಲು ಎಲ್ಲಿ ಬಿಟ್ಟು ಬಂದ್ರಿ ಸಾರ್?" ಎಂದು ಯಂತ್ರದವನು ಕೇಳಿದ. ಬೈಂಡಿಂಗ್ ಮಾಡುವ ಅಕ್ಕ ಅಂಟಿನ ಕೈಯಲ್ಲೇ ಬಂದು ತೇಪೆ ಮುಟ್ಟಿ ನೋಡಿದಳು. ತಿದ್ದಪ್ಪ ಚೀಲವನ್ನು ಗೋಡೆಯ ಮೊಳೆಗೆ ಸಿಕ್ಕಿಸಲು ಹೋದ. ಅಲ್ಲಿ ಆಗಲೇ ಗುಂಗುರಿನ ಊಟದ ಡಬ್ಬಿಯಿದ್ದ ಇನ್ನೊಂದು ಚೀಲ ತೂಗುತ್ತಿತ್ತು. ನವಿಲುನೀಲಿ ಬಟ್ಟೆ, ಅಂಚಿನ ತುಂಬ ಕೇಸರಿ ಬಣ್ಣದ ಸಣ್ಣ ಸಣ್ಣ ಹೂ.

ಅದು ಹೆಂಡತಿಯ ಶಾಲು. ಮದುವೆಯ ಹೊಸತರಲ್ಲಿ ತಾನೇ ಅವಳ ಹೆಗಲಿಗೆ ಹೊದಿಸಿದ ಶಾಲು! "ಜಗತ್ತಿಗೇ ಇದೊಂದೇ. ನೇಯ್ದ ಮೇಲೆ ಇಂಥದ್ದು ಇನ್ನೊಂದು ಮಾಡಬೇಡ ಅಂತ ನೇಕಾರನ ಹತ್ತಿರ ಮಾತು ತಗೊಂಡೆ," ಎಂದು ಆಗ ಹೇಳಿದ್ದ. ಅವಳು ಅದನ್ನು ಬೀದಿಗೆಲ್ಲ ಹೇಳಿಕೊಂಡು ಮೆರೆದಿದ್ದಳು. ತಿದ್ದಪ್ಪ ಅವಳಿಗೆ ಆಮೇಲೆ ಕೊಟ್ಟ ಉಡುಗೊರೆಗಳಲ್ಲಿ ಹೇಳಿಕೊಳ್ಳುವಂಥದ್ದು ಯಾವುದೂ ಇರಲಿಲ್ಲ. ಎಷ್ಟೇ ಜಗಳವಾದರೂ ಅವಳು ಆ ಶಾಲು ಹೊದ್ದಳೆಂದರೆ ಮನೆ ತಣ್ಣಗಾಗುತ್ತಿತ್ತು. ಆ ಶಾಲನ್ನು ಕತ್ತರಿಸಿ ಈ ಗುಂಗುರಿಗೆ ಚೀಲ, ಗಂಡನಿಗೆ ಪೈಜಾಮ!

ಆದರೂ ನಗುಮುಖ ಮಾಡಿ ಗುಂಗುರನ್ನು ಕೇಳಿದ: "ಬ್ಯಾಗು ಚೆನ್ನಾಗಿದೆಯಲ್ಲಪ್ಪ. ಹೊಸದಾ?"

"ನಿನ್ನೆ ತಾನೇ ಹೊಲಿದು ಮುಗೀತು ಸಾರ್," ಎಂದ ಗುಂಗುರು, ನಾಚಿಕೊಂಡು. "ಇಷ್ಟು ಪ್ರೀತಿಯ ಬಟ್ಟೆ ನನಗ್ಯಾಕೆ ಅಂದ್ರೆ ಕೇಳಲಿಲ್ಲ."

ಹೊಲಿದದ್ದು ಯಾರು ಎಂದು ಕೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಟ್ಟೆಕಿಚ್ಚಿನವರು ಕೇಳುವುದಿಲ್ಲ, ಊಹಿಸುತ್ತಾರೆ. ಅಷ್ಟರಲ್ಲಿ ಬೈಂಡಿಂಗಿನ ಅಕ್ಕ ಬೇರೆ ಉರಿಯುವುದಕ್ಕೆ ಎಣ್ಣೆ ಸುರಿದಳು: "ನಿಮ್ಮ ಮನೆಯವರ ಕೈಚಳಕ ಇರಬೇಕಲ್ವಾ ತಿದ್ದಪ್ಪನವರೇ? ಹಾಗಾದ್ರೆ ನಿಮಗ್ಯಾಕೆ ಪೈಜಾಮ?"

ಅಂದು ತಿದ್ದಪ್ಪನ ಮುಂದಿದ್ದ ಪುಟದಲ್ಲಿ ತಪ್ಪುಗಳು ಆರಾಮವಾಗಿ ಕೂತಿದ್ದವು. ಅವನ ಕಣ್ಣು ಮೊಳೆಯ ಮೇಲೇ ಇತ್ತು. ಚೀಲವನ್ನು ಒಯ್ದು ಹೆಂಡತಿಯ ಮುಂದೆ ಇಟ್ಟು, 'ಇದೇನು?' ಎಂದು ಕೇಳಲೇಬೇಕು. ಊಟದ ಹೊತ್ತಿಗೆ ಗುಂಗುರು ಡಬ್ಬಿ ತೆಗೆದುಕೊಂಡು, ಖಾಲಿ ಚೀಲವನ್ನು ಮೊಳೆಗೆ ಹಾಕಿ ಕೈ ತೊಳೆಯಲು ಹೋದ. ತಿದ್ದಪ್ಪ ಚೀಲ ಕಿತ್ತುಕೊಂಡವನೇ ಮುದುಡಿ ಅಂಗಿಯೊಳಗೆ ತುರುಕಿದ.

"ಗೋಡೆಗೆ ಮುಖ ಮಾಡ್ಕೊಂಡು ಏನ್ ಮಾಡ್ತಿದ್ದೀರಿ?" ಬೈಂಡಿಂಗಿನ ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಹೊಟ್ಟೆ... ಹೊಟ್ಟೆನೋವು," ಎಂದು ತಿದ್ದಪ್ಪ ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡ.

"ಅಯ್ಯಯ್ಯೋ, ಊದಿಕೊಂಡುಬಿಟ್ಟಿದೆ! ಯಜಮಾನ್ರೇ, ಬನ್ನಿ ಇಲ್ಲಿ!"

ಪ್ರೆಸ್ಸಿಗೆ ಪ್ರೆಸ್ಸೇ ಬಂದು ಸುತ್ತ ನಿಂತಿತು. ಒಬ್ಬ ಬಿಸಿನೀರು ತಂದ, ಇನ್ನೊಬ್ಬ ಅಂಗಿಯ ಗುಂಡಿ ಬಿಚ್ಚಿ ಗಾಳಿಯಾಡಿಸೋಣವೆಂದ. "ಗುಂಡಿ ಮುಟ್ಟಬೇಡಿ!" ಎಂದು ತಿದ್ದಪ್ಪ ಕಿರುಚಿದ ರೀತಿಗೆ ಯಜಮಾನರೇ ಗಾಬರಿಯಾದರು. "ನೋವು ಜಾಸ್ತಿ ಇರೋ ಹಾಗಿದೆ. ಏ ಗುಂಗುರು, ನೀನು ಮೇಲಿನ ಮನೆಯವನಲ್ವಾ? ಇವರನ್ನ ಮನೆಗೆ ಬಿಟ್ಟು ಬಾ," ಎಂದು ಅಪ್ಪಣೆ ಮಾಡಿದರು.

ಪೆಟ್ರೋಲು ಸುಡಬಾರದೆಂದು ಗುಂಗುರು ಸೈಕಲ್ಲಿನಲ್ಲೇ ಓಡಾಡುತ್ತಿದ್ದ. ಅದರ ಹಿಂದಿನ ಕ್ಯಾರಿಯರಿನಲ್ಲಿ ಕೂತು, ಬೀಳದಿರಲು ವೈರಿಯ ಸೊಂಟವನ್ನೇ ತಬ್ಬಿಕೊಂಡು ತಿದ್ದಪ್ಪ ಹೊರಟ. ರಸ್ತೆಯಲ್ಲಿ ಗುಂಡಿ ಸಿಕ್ಕಲ್ಲೆಲ್ಲ ಅಂಗಿಯೊಳಗಿನ ಚೀಲ ಗುಂಗುರಿನ ಬೆನ್ನಿಗೆ ಒತ್ತುತ್ತಿತ್ತು.

"ಪಾಪ, ಎಷ್ಟು ಊದಿದೆ ಸಾರ್! ನಿಮ್ಮ ಗಲಾಟೆಯಲ್ಲಿ ನನ್ನ ಬ್ಯಾಗು ಬೇರೆ ಕಾಣೆಯಾಯ್ತು. ಹೊಲಿದುಕೊಟ್ಟೋರಿಗೆ ಹೇಗೆ ಮುಖ ತೋರಿಸ್ಲಿ?"

"ತೋರಿಸಬೇಡ," ಎಂದ ತಿದ್ದಪ್ಪ ಹಲ್ಲು ಕಚ್ಚಿ. "ಯಾವತ್ತೂ ತೋರಿಸಬೇಡ."

ಅಕ್ಕನಿಗೂ ವಿಷಯ ಹೇಳಿ ಬರುತ್ತೇನೆಂದು ಗುಂಗುರು ಮೆಟ್ಟಿಲು ಹತ್ತಿದ. ತಿದ್ದಪ್ಪ ಒಳಗೆ ನುಗ್ಗಿ ಬಾಗಿಲು ಮುಂದಕ್ಕೆ ತಳ್ಳಿ, ಅಂಗಿಯೊಳಗಿಂದ ಚೀಲ ಎಳೆದು ಹೆಂಡತಿಯ ಮುಂದೆ ಎಸೆದ.

"ಇದೇನು? ನನ್ನ ಶಾಲು ನಿನಗೆ ಇಷ್ಟು ಹಗುರ ಆಯ್ತಾ?"

ಅವಳು ಚೀಲವನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು. ಒಳಗೆ ಹೋಗಿ ಬೀರು ತೆರೆದಳು. ಬರುವಾಗ ಅವಳ ಕೈಯಲ್ಲಿ ನವಿಲುನೀಲಿ ಶಾಲಿತ್ತು. ಮಡಿಕೆ ಕೂಡ ಕೆಟ್ಟಿರಲಿಲ್ಲ.

ತಿದ್ದಪ್ಪನಿಗೆ ಹೋದ ಜೀವ ಬಂದಂತಾಯಿತು. "ಅಯ್ಯೋ, ಕತ್ತರಿಸಿಲ್ವಾ! ನನ್ನ ಬಂಗಾರ!" ಎಂದು ಕೈಚಾಚಿದ. ಅವಳು ಹಿಂದೆ ಸರಿದಳು.

"ಆ ಚೀಲ ಕೈಹೊಲಿಗೆ. ನಾನು ಹೊಲಿದದ್ದಲ್ಲ. ಜಗತ್ತಿಗೇ ಒಂದೇ ಅಂದಿದ್ರಲ್ಲ ರೀ? ಹಾಗಾದ್ರೆ ಎರಡನೇದು ಯಾರಿಗೆ ಕೊಟ್ರಿ?"

ತಿದ್ದಪ್ಪ ಬೇರೆ ದಾರಿಯಿಲ್ಲದೆ ನಿಜವನ್ನೇ ಹೇಳಿದ. ನೇಕಾರನೂ ಇಲ್ಲ, ಮಾತೂ ಇಲ್ಲ. ಬಸ್ ನಿಲ್ದಾಣದ ಹೊರಗೆ ರಾಶಿ ಹಾಕಿಕೊಂಡು ಮಾರುತ್ತಿದ್ದವನ ಹತ್ತಿರ, ಬಸ್ಸು ಹೊರಡುವ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಬಂದದ್ದು.

"ರಾಶಿಯಲ್ಲಿ ಸಿಕ್ಕಿದ್ದಂತೆ!" ಅವಳ ಕಣ್ಣು ಕೆಂಪಾಯಿತು. "ಇಷ್ಟು ವರ್ಷ ನಂಬಿದ್ದು ಸುಳ್ಳಾ? ಅವಳು ಯಾರೋ ಅವಳನ್ನ ಉಳಿಸೋಕೆ ನನ್ನ ಶಾಲನ್ನ ರಾಶಿಗೆ ಹಾಕ್ತಿದ್ದೀರಲ್ಲ!"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಗುಂಗುರು ಬಂದ. ಹಿಂದೆಯೇ ಅವನ ಅಕ್ಕ, ಬಿಸಿನೀರಿನ ಚೀಲ ಹಿಡಿದುಕೊಂಡು. ಹೆಂಡತಿ ತನ್ನ ಶಾಲನ್ನು ಬೆನ್ನ ಹಿಂದೆ ಮರೆಮಾಡಿದಳು.

"ಅರೆ, ನನ್ನ ಬ್ಯಾಗು! ಅಕ್ಕ, ನೀನು ಹೊಲಿದ ಬ್ಯಾಗು ಇಲ್ಲೇ ಇದೆ ನೋಡು!"

"ಇವರಿಗೆ ಸಿಕ್ತಂತೆ," ಎಂದಳು ಹೆಂಡತಿ ತಣ್ಣಗೆ. "ಬಟ್ಟೆ ಚೆನ್ನಾಗಿದೆ ಅಕ್ಕಾ. ಎಲ್ಲಿ ತಗೊಂಡ್ರಿ?"

ಅಕ್ಕ ಒಮ್ಮೆ ತಲೆ ತಗ್ಗಿಸಿ, ಮತ್ತೆ ನಕ್ಕಳು. "ತಗೊಂಡದ್ದಲ್ಲ. ಒಬ್ಬರು ಕೊಟ್ಟದ್ದು. ಮದುವೆ ಆಗ್ತೀನಿ ಅಂದೋರು ಆಗಲಿಲ್ಲ, ಬಿಡಿ, ಹಳೇ ಕತೆ. ಜಗತ್ತಿಗೇ ಇದೊಂದೇ, ಇನ್ನೊಂದು ಮಾಡಬೇಡ ಅಂತ ನೇಕಾರನ ಹತ್ತಿರ ಮಾತು ತಗೊಂಡಿದ್ದೀನಿ ಅಂದಿದ್ರು. ಇಷ್ಟು ದಿನ ಎತ್ತಿಟ್ಟಿದ್ದೆ. ನೀವು ಹಳೇ ಬಟ್ಟೆಲಿ ಚೀಲ ಹೊಲಿಯೋದು ನೋಡಿ ಧೈರ್ಯ ಬಂತು. ಕತ್ತರಿ ಹಾಕಿದ ಮೇಲೆ ಮನಸ್ಸು ಎಷ್ಟು ಹಗುರ ಆಯ್ತು ಗೊತ್ತಾ!"

ಆ ಮಾತನ್ನು ತನಗೆ ಹೇಳಿಕೊಟ್ಟದ್ದು ರಾಶಿ ಹಾಕಿ ಮಾರುತ್ತಿದ್ದವನೇ. ಕೊಂಡವರಿಗೆಲ್ಲ ಅವನು ಅದನ್ನೇ ಹೇಳಿಕೊಟ್ಟು ಕಳಿಸುತ್ತಿದ್ದ ಎಂದು ತಿದ್ದಪ್ಪನಿಗೆ ಈಗ ಹೊಳೆಯಿತು. ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ.

"ಅದಕ್ಕೇ ಮೇಲಿನ ಮನೆ ಖಾಲಿ ಇರೋ ಸುದ್ದಿ ನೀವೇ ಓಡಿಹೋಗಿ ಕೊಟ್ಟದ್ದು!" ಎಂದಳು ಅವಳು, ಅಕ್ಕ ತಮ್ಮ ಬಿಸಿನೀರಿನ ಚೀಲ ಇಟ್ಟು ಮೇಲೆ ಹೋದ ಮೇಲೆ.

"ಇಲ್ಲ ಕಣೇ, ದೇವರಾಣೆ, ನಾನು..."

ಅವಳು ಕೇಳಿಸಿಕೊಳ್ಳಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು ಶಾಲನ್ನು ಮೇಜಿನ ಮೇಲೆ ಹರಡಿ ದೊಡ್ಡ ಕತ್ತರಿ ಎತ್ತಿಕೊಂಡಳು. ತಿದ್ದಪ್ಪ ಎರಡೂ ಕೈ ಮುಗಿದು ಅಡ್ಡ ನಿಂತ.

"ಪೈಜಾಮ ಬೇಡ ಅಂದ್ರಲ್ಲ ಬೆಳಿಗ್ಗೆ?" ಎನ್ನುತ್ತ ಅವಳು ಕೇಸರಿ ಹೂಗಳ ಅಂಚಿಗೆ ಕತ್ತರಿ ಇಟ್ಟಳು. "ಹೇಳಿ, ಹಿಡಿ ಉದ್ದ ಇಡ್ಲಾ, ಗಿಡ್ಡ ಇಡ್ಲಾ?"