ಹೊಂದಿಕೊಂಡು ಹೋಗುವ ನಿಂಬೆಗಿಡ

ಆರೈಕೆಯೇ ಬೇಡದ ಗಿಡ ಎಂದು ಯಾರಾದರೂ ಹೊಗಳಿದರೆ ನಾನು ಮೊದಲು ಅವರ ಮನೆಯ ಹೆಂಗಸಿನ ಕೈ ನೋಡುತ್ತೇನೆ. ಉಗುರಿನ ಸಂದಿಯಲ್ಲಿ ಮಣ್ಣು ಇದ್ದೇ ಇರುತ್ತದೆ. ನಮ್ಮ ವಿದ್ಯಾನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿದವರಿಗೆಲ್ಲ ಈಗ ಗಿಡದ ಹುಚ್ಚು. ಗಿಡ ಬೇಕು, ನೀರು ಹಾಕುವ ಕೆಲಸ ಬೇಡ. ಹಣ್ಣು ಬೇಕು, ಮುಳ್ಳು ಬೇಡ. ನೆರಳು ಬೇಕು, ಆದರೆ ಅಂಗಳದಲ್ಲಿ ಒಂದು ಎಲೆ ಉದುರಬಾರದು. ಇಂಥವರೆಲ್ಲ ಸಲಹೆ ಕೇಳಲು ಬರುವುದು ನಮ್ಮ ಮನೆಗೆ, ಅಂದರೆ ನಮ್ಮ ಯಜಮಾನರ ಹತ್ತಿರ. ಭದ್ರಾವತಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಜೀವಮಾನವಿಡೀ ಫೈಲು ತಿರುವಿ ನಿವೃತ್ತರಾದ ಮೇಲೆ ಅವರು ತೋಟಗಾರಿಕೆಯಲ್ಲಿ ಪಂಡಿತರಾಗಿಬಿಟ್ಟಿದ್ದಾರೆ. ಪಾಂಡಿತ್ಯ ಅವರದು, ತೋಟಗಾರಿಕೆ ನನ್ನದು.

ಈ ಮನೆಗೆ ಬಂದ ಹೊಸದರಲ್ಲಿ ಹಿತ್ತಲಿಗೊಂದು ಹುಳಿಹಣ್ಣಿನ ಗಿಡ ಇರಲಿ ಎಂದು ಇಬ್ಬರೂ ನರ್ಸರಿಗೆ ಹೋಗಿದ್ದೆವು. ನರ್ಸರಿಯವನು ಮಹಾ ಮಾತುಗಾರ. ಕಿತ್ತಳೆ ಗಿಡದ ಮುಂದೆ ನಿಂತರೆ, "ಇದು ಬೇಡ ಸಾರ್, ತಂಪು ಕೇಳುತ್ತೆ, ಗುಡ್ಡ ಕೇಳುತ್ತೆ, ನಮ್ಮ ಶಿವಮೊಗ್ಗದ ಬಿಸಿಲಿಗೆ ಮುಖ ಊದಿಸ್ಕೊಂಡು ಕೂತ್ಕೊಳ್ಳುತ್ತೆ" ಎಂದ. ಮೂಸಂಬಿಗೆ ಮಾತುಮಾತಿಗೆ ರೋಗವಂತೆ, ಚಕ್ಕೋತ ಮನೆಗಿಂತ ದೊಡ್ಡದಾಗುತ್ತದಂತೆ. ನನ್ನ ಕಣ್ಣು ಮಾತ್ರ ಮೂಲೆಯಲ್ಲಿದ್ದ ಹೇರಳೆಯ ಮೇಲಿತ್ತು. ಹೊಳಲೂರಿನ ನನ್ನ ತವರಿನಲ್ಲಿ ಹೇರಳೆಕಾಯಿ ಚಿತ್ರಾನ್ನ ಮಾಡಿದ ದಿನ ಬೀದಿಗೆಲ್ಲ ಅದರ ವಾಸನೆ ಹೋಗುತ್ತಿತ್ತು. "ಇದನ್ನೇ ತಗೊಳ್ಳೋಣ ರೀ" ಎಂದೆ. ಯಜಮಾನರಿಗೆ ಕೇಳಿಸಲಿಲ್ಲ. ಅವರು ನರ್ಸರಿಯವನ ಹೆಗಲ ಮೇಲೆ ಕೈಯಿಟ್ಟು, "ನೋಡಪ್ಪ, ತಂಟೆ ತಕರಾರು ಇರಬಾರದು. ಎಲ್ಲಿಟ್ರೆ ಅಲ್ಲಿ ಹೊಂದಿಕೊಂಡು ಹೋಗೋ ಅಂಥದ್ದು ಒಂದು ಕೊಡು" ಎಂದರು. ಅವನು ಒಂದು ನಿಂಬೆಗಿಡ ಎತ್ತಿಕೊಟ್ಟ. "ಹೊಸಬರಿಗೆ ಇದೇ ಸರಿ ಸಾರ್. ಬಿಸಿಲು ಬೀಳೋ ಕಡೆ ನೆಡಿ, ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡ್ಕೊಳ್ಳಿ, ಆಮೇಲೆ ಮರೆತುಬಿಡಿ."

ಈ ವ್ಯಾಪಾರವನ್ನು ನಾನು ಹಿಂದೊಮ್ಮೆ ನೋಡಿದ್ದೆ. ನನ್ನನ್ನು ನೋಡಲು ಹೊಳಲೂರಿಗೆ ಬಂದಿದ್ದ ದಿನ, ನಮ್ಮತ್ತೆ ಉಪ್ಪಿಟ್ಟು ತಿನ್ನುತ್ತಾ ಅಪ್ಪನನ್ನು ಕೇಳಿದ್ದು ಒಂದೇ ಪ್ರಶ್ನೆ: "ಹುಡುಗಿ ಹೊಂದಿಕೊಂಡು ಹೋಗ್ತಾಳಾ?" ಹಾಡು ಬರುತ್ತದೆಯೇ, ಓದು ಎಷ್ಟಾಗಿದೆ, ಏನು ಇಷ್ಟ, ಯಾವುದನ್ನೂ ಕೇಳಲಿಲ್ಲ. ಅಪ್ಪ, "ಅದರ ಬಗ್ಗೆ ಯೋಚನೆನೇ ಬೇಡ ತಾಯಿ, ಇವಳು ಮನೇಲಿದಾಳೋ ಇಲ್ವೋ ಅಂತಾನೇ ಗೊತ್ತಾಗಲ್ಲ" ಎಂದು ಕೈಮುಗಿದಿದ್ದರು. ನನ್ನ ಮುಳ್ಳಿನ ಸುದ್ದಿಯನ್ನು ಅಪ್ಪ ಎತ್ತಲಿಲ್ಲ. ನಿಂಬೆಯ ಮುಳ್ಳಿನ ಸುದ್ದಿಯನ್ನು ನರ್ಸರಿಯವನೂ ಎತ್ತಲಿಲ್ಲ.

ಯಜಮಾನರು ಹೇಳಿಸಿಕೊಂಡಂತೆಯೇ ಗಿಡವನ್ನು ನೆಟ್ಟು ಮರೆತರು. ನನಗೆ ಮರೆಯಲು ಬರಲಿಲ್ಲ. ನಮ್ಮಜ್ಜಿಯ ಮನೆಯಲ್ಲಿ ಅಕ್ಕಿ ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲಿದರೆ ಆ ದಿನವೆಲ್ಲ ಬೈಗುಳ ತಿನ್ನಬೇಕಿತ್ತು. ಅದು ಗಿಡದ ಬುಡಕ್ಕೇ ಹೋಗಬೇಕು. ಹಾಗಾಗಿ ಬೆಳಿಗ್ಗೆ ಅಕ್ಕಿ ತೊಳೆದ ನೀರು, ಮಧ್ಯಾಹ್ನ ಬೇಳೆ ತೊಳೆದ ನೀರು, ಸಂಜೆ ಮನಸ್ಸಿಗೆ ಸಮಾಧಾನವಾಗಲೆಂದು ಒಂದು ಕೊಡ ನಲ್ಲಿ ನೀರು, ಎಲ್ಲ ನಿಂಬೆಗೇ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಒಂದು ಹುಳ ಬರುತ್ತದೆ. ಹಿಕ್ಕೆಯೆಂದು ಬಿಟ್ಟರೆ ನಾಲ್ಕು ದಿನದಲ್ಲಿ ಹಸಿರು ಬಣ್ಣಕ್ಕೆ ತಿರುಗಿ ಕೊಂಬೆಯನ್ನೇ ಬೋಳು ಮಾಡುತ್ತದೆ. ಅದನ್ನು ಕನ್ನಡಕ ಹಾಕಿಕೊಂಡು ಒಂದೊಂದಾಗಿ ಆರಿಸುತ್ತಿದ್ದೆ. ಬುಡದಿಂದ ಏಳುವ ಕಳ್ಳ ಚಿಗುರನ್ನು ಚಿವುಟುತ್ತಿದ್ದೆ. ಕೈತುಂಬ ಗೀರು. ಮದುವೆಮನೆಯಲ್ಲಿ ಒಬ್ಬಾಕೆ, "ಬೆಕ್ಕು ಸಾಕಿದೀರಾ?" ಎಂದು ಕೇಳಿದ್ದರು.

ಗಿಡವೋ, ಕಂಡವರು ನಿಂತು ನೋಡುವಂತೆ ಬೆಳೆಯಿತು. ಎಲೆಯೆಂದರೆ ಎಲೆ. ಕಾಯಿ ಮಾತ್ರ ಒಂದೂ ಇಲ್ಲ. ವರ್ಷಗಳು ಹೋದರೂ ಒಂದು ಹೂವನ್ನೂ ಕಾಣದೆ ನಾನು ಇನ್ನೂ ಒಂದು ಕೊಡ ಹೆಚ್ಚಿಗೆ ಹಾಕತೊಡಗಿದೆ.

ಹೀಗಿರುವಾಗ ಹೊಸಮನೆ ಬಡಾವಣೆಯಿಂದ ಚಿಕ್ಕ ವಯಸ್ಸಿನ ಗಂಡ ಹೆಂಡತಿ ಸಲಹೆಗೆ ಬಂದರು. ಯಜಮಾನರು ಅವರನ್ನು ಹಿತ್ತಲಿಗೆ ಕರೆದೊಯ್ದು, "ನೆಟ್ಟು ಮರೆತುಬಿಡಿ ಮಾರಾಯ್ರೇ. ನಾನಂತೂ ಇವತ್ತಿನವರೆಗೂ ಇದನ್ನ ಮುಟ್ಟಿಲ್ಲ" ಎಂದರು. ಅದೊಂದು ಅಪ್ಪಟ ಸತ್ಯ. ಕಾಫಿ ಲೋಟ ಹಿಡಿದು ಬಂದ ನನ್ನ ಕೈಯ ಗೀರುಗಳನ್ನು ನೋಡಿ ಆ ಹುಡುಗಿ, "ಆಂಟಿ ನೋಡ್ಕೋತಾರೇನೋ ಅಲ್ವಾ?" ಎಂದಳು. ನನ್ನ ಎದೆ ಅರಳಿತು. ಯಜಮಾನರು ನಕ್ಕರು. "ಅಯ್ಯೋ, ಇವಳು ಸುಮ್ನೆ ಅದರ ಬುಡದಲ್ಲಿ ನಿಂತಿರ್ತಾಳೆ. ಅವಳಿಗೂ ಹೊತ್ತು ಹೋಗಬೇಕಲ್ಲ!"

ನನಗೆ ಮೈಯೆಲ್ಲ ಉರಿದುಹೋಯಿತು. ಅಳುವೂ ಬಂತು, ಆದರೆ ಬಂದವರ ಮುಂದೆ ಅಳುವಂತಿಲ್ಲವಾದ್ದರಿಂದ ಒಳಗೆ ಹೋಗಿ ಚಕ್ಕುಲಿ ತಂದುಕೊಟ್ಟೆ. ಗಿಡದ ಮಾತಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಈ ಮನೆಯ ಅನ್ನ ತಾನೇ ಬೇಯುತ್ತದೆ, ಬಟ್ಟೆ ತಾನೇ ಮಡಚಿಕೊಳ್ಳುತ್ತದೆ, ನಾನು ಅವುಗಳ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತೇನೆ ಎಂದೇ ಇವರು ಇಷ್ಟು ವರ್ಷ ತಿಳಿದಿದ್ದಾರೆ ಎಂಬುದು ಆ ಗಳಿಗೆಯಲ್ಲಿ ನನಗೆ ಖಾತ್ರಿಯಾಯಿತು. ನಿಲ್ಲುವುದನ್ನು ಬಿಟ್ಟರೆ ಏನಾಗುತ್ತದೋ ಇವರೂ ನೋಡಲಿ ಎಂದುಕೊಂಡೆ.

ದೇವರು ಅನುಕೂಲ ಮಾಡಿಕೊಟ್ಟ. ಭದ್ರಾವತಿಯಲ್ಲಿರುವ ನನ್ನ ತಂಗಿ ಸುಮಳಿಗೆ ಶಿವರಾತ್ರಿ ಕಳೆದ ಮೇಲೆ ಮಂಡಿ ಆಪರೇಷನ್ ಆಯಿತು. ನಾನು ಬಟ್ಟೆ ತುಂಬಿಕೊಂಡು ಹೊರಟೆ. ಗಿಡಕ್ಕೆ ನೀರು ಹಾಕಿ ಎಂಬ ಮಾತು ನಾಲಿಗೆಯ ತುದಿಗೆ ಬಂದರೂ ಬಾಯಿ ಬಿಗಿಹಿಡಿದೆ. ಭದ್ರಾವತಿಯೇನು ದೂರದ ಊರಲ್ಲ, ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬಂದುಬಿಡುತ್ತದೆ. ಯಾವ ದಿನವಾದರೂ ಹೋಗಿ ನೋಡಿ ಬರಬಹುದಿತ್ತು. ನಾನು ಹೋಗಲಿಲ್ಲ. ಅವರೂ ಬರಲಿಲ್ಲ. ಫೋನಿನಲ್ಲಿ, "ಎಲ್ಲ ಹೇಗಿದೆ?" ಎಂದರೆ, "ಚೆನ್ನಾಗಿದೆ" ಎಂದಷ್ಟೇ ಉತ್ತರ. ಅದನ್ನು ಕೇಳಿ ಫೋನಿಟ್ಟ ಮೇಲೆ ನಾನು ಒಣಗಿ ನಿಂತ ನಿಂಬೆಗಿಡವನ್ನೂ ಅದರ ಪಕ್ಕದಲ್ಲಿ ಸೊರಗಿ ನಿಂತ ಯಜಮಾನರನ್ನೂ ಕಣ್ಣಮುಂದೆ ತಂದುಕೊಂಡು ಸಮಾಧಾನಪಡುತ್ತಿದ್ದೆ. ಹೋದಕೂಡಲೇ ಆಡಬೇಕಾದ ಮಾತುಗಳನ್ನು ಪಾತ್ರೆ ತೊಳೆಯುತ್ತಾ ಜೋಡಿಸಿಕೊಳ್ಳುತ್ತಿದ್ದೆ. "ಯಾರ ಹತ್ರ ಮಾತಾಡ್ತಿದೀಯ ಅಕ್ಕಾ?" ಎಂದು ಸುಮ ಮಲಗಿದಲ್ಲಿಂದಲೇ ಕೂಗುತ್ತಿದ್ದಳು. "ನಿಮ್ಮ ಭಾವನ ಹತ್ರ ಕಣೇ" ಎನ್ನುತ್ತಿದ್ದೆ. "ಎದುರಿಗಿಲ್ಲದಾಗ ಚೆನ್ನಾಗಿ ಮಾತಾಡ್ತೀಯ ಬಿಡು" ಎಂದು ಅವಳು ನಗುತ್ತಿದ್ದಳು.

ಯುಗಾದಿ ಕಳೆದು ಒಂದು ಹದವಾದ ಮಳೆ ಬಿದ್ದು ಕೆಲವು ದಿನಗಳಾಗಿದ್ದವು. ಸುಮ ಕೋಲು ಬಿಟ್ಟು ನಡೆಯತೊಡಗಿದ ಮೇಲೆ ನಾನು ವಾಪಸು ಬಂದೆ. ಗೇಟು ತೆಗೆಯುತ್ತಲೇ ಮೂಗಿಗೆ ಏನೋ ಪರಿಮಳ ಬಡಿಯಿತು. ಚೀಲವನ್ನೂ ಇಳಿಸದೆ ಹಿತ್ತಲಿಗೆ ಓಡಿದೆ. ನಿಂಬೆಗಿಡ ಅರ್ಧಕ್ಕರ್ಧ ಎಲೆ ಕಳೆದುಕೊಂಡು, ಉಳಿದ ಕೊಂಬೆಗಳ ತುಂಬ ಬೆಳ್ಳಗೆ ಹೂ ಹೊತ್ತು ನಿಂತಿತ್ತು. ಇಷ್ಟು ದಿನ ನನಗೆ ಹೆದರಿ ದೂರವಿದ್ದ ಪಿಕಳಾರ ಹಕ್ಕಿಗಳು ಕೊಂಬೆಯಿಂದ ಕೊಂಬೆಗೆ ಹಾರಿ ಹುಳ ಹೆಕ್ಕುತ್ತಿದ್ದವು. ಅವಕ್ಕೆ ಕನ್ನಡಕವೂ ಬೇಕಿರಲಿಲ್ಲ.

"ನೋಡಿದ್ಯಾ?" ಎಂದು ಯಜಮಾನರು ಹಿಂದೆ ಬಂದು ನಿಂತರು. "ಮೊಬೈಲಲ್ಲಿ ನೋಡ್ದೆ. ನಿಂಬೆಗೆ ಒಂದಿಷ್ಟು ದಿನ ನೀರು ನಿಲ್ಲಿಸಬೇಕಂತೆ, ಆವಾಗ್ಲೇ ಅದು ಹೂ ಬಿಡೋದು. ದಿನಾ ನೀರು ಸುರಿದ್ರೆ ಬರೀ ಎಲೆ." ಜೋಡಿಸಿಟ್ಟುಕೊಂಡ ನನ್ನ ಮಾತುಗಳಲ್ಲಿ ಇದಕ್ಕೆ ಹೊಂದುವಂಥದ್ದು ಒಂದೂ ಇರಲಿಲ್ಲ. ಅವರನ್ನಾದರೂ ನೋಡೋಣವೆಂದು ತಿರುಗಿದೆ. ಸೊರಗುವುದಿರಲಿ, ಹೊಟ್ಟೆ ಕರಗಿ ಮುಖದಲ್ಲಿ ಕಳೆ ಬಂದಿತ್ತು. ಬಟ್ಟೆ ತಾವೇ ಒಗೆದು ಒಣಹಾಕಿದ್ದರು. "ತಿಳಿಸಾರು ಮಾಡಿದೀನಿ, ಕೈಕಾಲು ತೊಳ್ಕೊಂಡು ಬಾ" ಎಂದರು. ಸಾರು ಚೆನ್ನಾಗಿತ್ತು. ಅದು ನನ್ನನ್ನು ಹೂವಿಗಿಂತ ಹೆಚ್ಚು ಸುಟ್ಟಿತು. ನಾನಿಲ್ಲದೆ ಏನಾದರೂ ಒಂದು ಕೆಟ್ಟಿರಬೇಕಿತ್ತು. ಒಂದು ಪಾತ್ರೆಯಾದರೂ ತಳ ಹಿಡಿದಿರಬಾರದಿತ್ತೇ?

ಎರಡನೆಯ ಸಲ ಸಾರು ಬಡಿಸುತ್ತಾ ಅವರು, "ಮುಂದಿನ ವರ್ಷವೂ ಶಿವರಾತ್ರಿ ಕಳೆದ ಮೇಲೆ ಸುಮನ ಮನೆಗೆ ಹೋಗಿ ಬಾ ಮಾರಾಯ್ತಿ, ಗಿಡಕ್ಕೆ ಒಳ್ಳೇದು" ಎಂದರು. ಕುಹಕವಲ್ಲ, ನಿಜವಾದ ಕಾಳಜಿಯಿಂದಲೇ ಹೇಳಿದರು, ಗಿಡದ ಮೇಲಿನ ಕಾಳಜಿಯಿಂದ.

ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಅಕ್ಕಿ ತೊಳೆದ ನೀರು ಹಿಡಿದು ಹಿತ್ತಲ ಬಾಗಿಲಿಗೆ ಬಂದೆ. ಯಜಮಾನರು ಹೂವಿನ ಕೊಂಬೆಯ ಫೋಟೋ ತೆಗೆಯುತ್ತಿದ್ದವರು ಪಾತ್ರೆ ನೋಡಿ, "ಬೇಡ ಬೇಡ!" ಎಂದು ಎರಡೂ ಕೈ ಅಡ್ಡ ಹಿಡಿದರು. ನಾನು ಒಳಗೆ ಬಂದು, ಅಜ್ಜಿಯ ಕ್ಷಮೆ ಕೇಳಿ, ನೀರನ್ನು ಸಿಂಕಿಗೆ ಸುರಿದೆ. ಸಿಂಕು ಗಳಗಳನೆ ಸದ್ದು ಮಾಡುತ್ತಾ ಒಂದು ತೊಟ್ಟೂ ಬಿಡದೆ ಕುಡಿಯಿತು. ಈ ಮನೆಯಲ್ಲಿ ನನ್ನ ಉಪಚಾರವನ್ನು ಇಷ್ಟು ಬಾಯಿಬಿಟ್ಟು ಸ್ವೀಕರಿಸಿದ್ದು ಅದೊಂದೇ.