ನನ್ನ ಅಳತೆಯ ಕುರ್ಚಿ

ಹೆಂಡತಿಗೆಂದು ಸೀರೆ ಕೊಳ್ಳುವಾಗ ಅಂಗಡಿಯವನ ಮುಂದೆ ‘ತಂಗಿಗೆ ಬೇಕಾಗಿತ್ತು’ ಎನ್ನುವ ಗಂಡಸರಿದ್ದಾರೆ. ನಾನು ಆ ಪಂಗಡದವನು. ನನಗೆ ತಂಗಿಯೇ ಇಲ್ಲ ಎಂಬುದು ಬೇರೆ ಮಾತು. ಹೂವು ಕೊಂಡರೆ ದೇವರ ಹೆಸರು ಹೇಳುತ್ತಿದ್ದೆ, ಬಳೆ ಕೊಂಡರೆ ಪಕ್ಕದ ಮನೆಯವರದು. ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಬಹಳ ಇತ್ತು. ಅದು ನಾಲ್ಕು ಜನಕ್ಕೆ ಗೊತ್ತಾಗಬಾರದು, ಅಷ್ಟೆ. ಈ ನಾಚಿಕೆಯನ್ನು ನಾನು ಬಹಳ ವರ್ಷ ಮರ್ಯಾದೆಯೆಂದೇ ತಿಳಿದಿದ್ದೆ. ಅದು ಮಾಡಿದ ಅನಾಹುತ ಒಂದು ಕುರ್ಚಿಯ ರೂಪದಲ್ಲಿ ಇಂದಿಗೂ ನಮ್ಮ ಪಡಸಾಲೆಯಲ್ಲಿದೆ.

ರಾಜ್ಯಕ್ಕೆ ಇನ್ನೂ ಮೈಸೂರೆಂದೇ ಹೆಸರಿದ್ದ ಕಾಲ. ನಾನು ಶಹಾಬಾದದ ಹೈಸ್ಕೂಲಿನಲ್ಲಿ ಮಾಸ್ತರ. ನನ್ನ ಹೆಂಡತಿ ನೀಲಮ್ಮ ಚಿಮ್ಮನಚೋಡದ ತವರಿನಲ್ಲಿ ಬಾಣಂತನ ಮುಗಿಸಿ ಚೊಚ್ಚಲ ಕೂಸನ್ನು ಎತ್ತಿಕೊಂಡು ಬಂದಳು. ಶಹಾಬಾದದ ಮನೆಗಳ ನೆಲ ಗೊತ್ತಲ್ಲ, ಊರಿನದೇ ಫರ್ಸಿ ಕಲ್ಲು. ನೋಡಲು ಬಲು ನುಣುಪು. ಚಳಿಗಾಲದಲ್ಲಿ ಅದರ ಮೇಲೆ ಕೂತರೆ ತಂಪು ಎಲುಬಿಗೇ ಇಳಿಯುತ್ತದೆ. ಕೂಸಿಗೋ ಹಾಲು ಕುಡಿಯುವುದೊಂದು ನೌಕರಿಯಾಗಿತ್ತು, ಅದೂ ರಜೆಯಿಲ್ಲದ್ದು. ಹದಿನೈದು ದಿನಕ್ಕೆ ನೀಲಮ್ಮ, “ಫರ್ಸಿ ಮ್ಯಾಲ ಕುಂತು ಕುಂತು ನಡ ಹಿಡದದ ರೀ, ಏಳ್ಲಿಕ್ಕೂ ಬರವಲ್ದು” ಎಂದಳು. ಅವಳು ಸುಮ್ಮನೆ ಗೋಳಾಡುವವಳಲ್ಲ. ಒಂದು ಸಲ ನೋವು ಎಂದಳೆಂದರೆ ಹತ್ತು ಸಲ ನುಂಗಿರುತ್ತಾಳೆ. “ನಿನಗೊಂದು ಆರಾಮ ಕುರ್ಚಿ ಮಾಡಿಸ್ತೀನಿ, ಅದರಾಗ ಕುಂತು ಕುಡಿಸು” ಎಂದೆ. ಅವಳ ಮುಖ ಅರಳಿತು. ಮದುವೆಯಾದ ಮೇಲೆ ನಾನು ಅದನ್ನು ಹಾಗೆ ಅರಳಿಸಿದ್ದು ಎರಡನೆಯ ಸಲವೋ ಏನೋ.

ಆರಿಸುವುದರಲ್ಲಿ ನಾನು ಗಟ್ಟಿಗ. ಪಾವ್ ಕಿಲೋ ಬದನೆಕಾಯಿಗೆ ಸಂತೆಯನ್ನು ಮೂರು ಸುತ್ತು ಹಾಕುವವನು ಕುರ್ಚಿಯ ವಿಷಯದಲ್ಲಿ ಸುಮ್ಮನಿರುತ್ತೇನೆಯೇ? ಸೇಡಂನ ವಕೀಲರೊಬ್ಬರ ಮನೆಯಲ್ಲಿ ಕೂತು ನೋಡಿದೆ. ಬೆನ್ನು ವಿಪರೀತ ಒರಗು. ಕೂಸು ಮಲಗುವ ಮೊದಲು ತಾಯಿಯೇ ಮಲಗುತ್ತಾಳೆ. ಚಿತ್ತಾಪುರದ ಕಚೇರಿಯೊಂದರಲ್ಲಿ ಕೂತೆ, ಅದು ಬಹಳ ನೆಟ್ಟಗೆ. ಕೊನೆಗೆ ವಾಡಿ ಸ್ಟೇಶನ್ನಿನ ವೇಟಿಂಗ್ ರೂಮಿನಲ್ಲಿ ಒಂದು ಬೆತ್ತದ ಕುರ್ಚಿ ಹಿಡಿಸಿತು. ನನ್ನ ಬಟ್ಟೆಯ ಚೀಲವನ್ನೇ ಕೂಸೆಂದು ಭಾವಿಸಿ ಎಡಗೈ ಮೇಲೆ ಮಲಗಿಸಿಕೊಂಡು, ಮೊಣಕೈ ಎಲ್ಲಿಗೆ ಬರುತ್ತದೆಂದು ಪರೀಕ್ಷಿಸುತ್ತಿದ್ದೆ. ಎದುರಿಗಿದ್ದ ಮುದುಕರೊಬ್ಬರು ಬಹಳ ಹೊತ್ತು ನೋಡಿ, “ಏನದ್ರಿ ಅದರಾಗ, ಅಷ್ಟು ಜ್ವಾಕಿ ಹಿಡದೀರಿ?” ಎಂದರು. “ಚಹಾದ ಕಪ್ಪು ಬಸಿ” ಎಂದೆ. ಆಮೇಲೆ ಅವರೆದುರು ಚೀಲವನ್ನು ದೊಪ್ಪೆಂದು ಕೆಳಗಿಡುವುದು ಹೇಗೆ? ಗಾಡಿ ಬರುವವರೆಗೆ ಎತ್ತಿಕೊಂಡೇ ಕೂತೆ.

ನಮ್ಮೂರ ಬಡಗಿ ಖಾಸಿಂ ಚಾಚಾನ ಬಳಿ ಚಂದ್ರಂಪಳ್ಳಿ ಕಡೆಯ ಒಳ್ಳೆಯ ಸಾಗವಾನಿ ಮರ ಇತ್ತು. ವಾಡಿಯ ಕುರ್ಚಿಯನ್ನು ವರ್ಣಿಸಿದೆ. “ಕುಂದ್ರೋರು ಯಾರ್ರೀ ಮಾಸ್ತರ?” ಎಂದು ಚಾಚಾ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ಅಂಗಡಿಯಲ್ಲಿ ನನ್ನ ವಿದ್ಯಾರ್ಥಿಗಳ ಅಪ್ಪಂದಿರಿಬ್ಬರು ಬೀಡಿ ಸೇದುತ್ತ ಕೂತಿದ್ದರು. ‘ನನ್ನ ಹೆಂಡತಿ, ಕೂಸಿಗೆ ಹಾಲು ಕುಡಿಸಲಿಕ್ಕೆ’ ಎಂದರೆ ಮುಗಿಯುತ್ತಿತ್ತು. ತರಗತಿಯಲ್ಲಿ ತಾಸುಗಟ್ಟಲೆ ಕೂಗುವ ನಾಲಿಗೆ ಏಳಲಿಲ್ಲ. “ನಾನೇ” ಎಂದೆ. “ಹಂಗಾದ್ರ ಬರ್ರಿ, ಈ ಪೆಟ್ಟಿಗಿ ಮ್ಯಾಲ ಕುಂದ್ರಿ” ಎಂದು ಚಾಚಾ ನನ್ನ ಮೊಣಕಾಲಿಗೆ ಟೇಪು ಹಿಡಿದ. ತೊಡೆ ಅಳೆದ, ಮೊಣಕೈ ಅಳೆದ. ನಾನು ಆರಡಿಯ ಆಳು. ನೀಲಮ್ಮ ನನ್ನ ಹೆಗಲಿಗೂ ಬರುವವಳಲ್ಲ. ಅಳತೆ ಕೊಡುವಾಗ ಇದು ಹೊಳೆಯಲಿಲ್ಲವೆಂದರೆ ಸುಳ್ಳಾಗುತ್ತದೆ. ಹೊಳೆಯಿತು. ಹೊಳೆದೂ ಕೂತಿದ್ದೆ.

ಕುರ್ಚಿ ಬಂತು. ನೀಲಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೂತಳು. ಕಾಲು ನೆಲಕ್ಕೆ ಮುಟ್ಟಲಿಲ್ಲ. ಹಿಡಿಕೆಯ ಮೇಲೆ ಕೈಯಿಟ್ಟರೆ ಹೆಗಲು ಕಿವಿಗೆ ಬರುತ್ತಿತ್ತು. ತುದಿಗಾಲು ಊರಿದರೆ ಮಡಿಲು ಇಳಿಜಾರಾಗಿ ಕೂಸು ಜಾರುತ್ತಿತ್ತು, ಜಾರಿ ಚೀರುತ್ತಿತ್ತು. ಮೂರನೆಯ ದಿನ ಅವಳು ಮತ್ತೆ ಫರ್ಸಿಗಿಳಿದು ಕುರ್ಚಿಗೆ ಬೆನ್ನು ಕೊಟ್ಟಳು. “ಒರಗಲಿಕ್ಕಿ ಚಲೋ ಆಗ್ಯಾದ ರೀ” ಎಂದಳು. ನನ್ನ ಮನಸ್ಸು ನೋಯಬಾರದೆಂದು ಹೇಳಿದ್ದು. ಮತ್ತೊಂದು ದಿನ ಮೆಲ್ಲಗೆ, “ಇದರ ಕಾಲು ನಾಕು ಬೆರಳು ಕೊಯ್ಸಿ ತರ್ರಿ” ಎಂದಳು. ಆಯಿತು ಎಂದೆ. ಆದರೆ ನನಗೆ ಸರಿಹೋದ ಕುರ್ಚಿಯನ್ನು ಯಾಕೆ ಕೊಯ್ಯಬೇಕೆಂದು ಚಾಚಾ ಕೇಳಿದರೆ? ಪರೀಕ್ಷೆ ಮುಗಿಯಲಿ, ಹಬ್ಬ ಮುಗಿಯಲಿ ಎಂದೆ. ಮುಗಿದವು ಹಬ್ಬಗಳು, ಮತ್ತೆರಡು ಕೂಸೂ ಹುಟ್ಟಿದವು. ಮೂರು ಮಕ್ಕಳಿಗೂ ಅವಳು ನೆಲದ ಮೇಲೆ ಕೌದಿ ಹಾಸಿ, ಆ ಕುರ್ಚಿಯ ಕಾಲಿಗೆ ಒರಗಿಯೇ ಹಾಲು ಕುಡಿಸಿದಳು. ಮೇಲೆ ನಾನು ಪೇಪರು ಓದುತ್ತ ಕೂತಿರುತ್ತಿದ್ದೆ. ಎಂಥ ತುಂಬು ಸಂಸಾರ ಎಂದು ಆಗಾಗ ಸಂತೋಷವೂ ಆಗುತ್ತಿತ್ತು, ದೇವರು ಕ್ಷಮಿಸಲಿ.

ಕಿರಿಯವನು ಶಾಲೆಗೆ ಹೋಗತೊಡಗಿದ ಮೇಲೆ ಧೈರ್ಯ ಬಂತು. ಕುರ್ಚಿ ಹೊರಿಸಿಕೊಂಡು ಹೋಗಿ ಚಾಚಾನಿಗೆ ನಿಜ ಹೇಳಿದೆ. ಅವನು ಉಳಿ ಕೆಳಗಿಟ್ಟು ನನ್ನನ್ನೇ ನೋಡಿದ. “ಅಲ್ರೀ ಮಾಸ್ತರ, ಊರ ಮಂದಿ ಬಂದು ‘ನಮ್ಮವ್ವನ ಮೊಣಕಾಲು ನೋಯ್ತಾವ, ತಗ್ಗು ಕುರ್ಚಿ ಮಾಡ್ರಿ’ ಅಂತಾರ. ಹೆಂಡ್ತಿಗಂತ ನನಗ ತಿಳೀತದ. ಏನೂ ಕೇಳಂಗಿಲ್ಲ, ಮಾಡಿ ಕೊಡ್ತೀನಿ. ಇಷ್ಟು ಓದೀರಿ, ನಿಮಗ ಒಂದು ಸುಳ್ಳೂ ನೆಟ್ಟಗ ಹೇಳ್ಲಿಕ್ಕಿ ಬರಲಿಲ್ಲೇನು?” ಎಂದ. ಕಾಲು ಕೊಯ್ದು, ಹಿಡಿಕೆ ತಗ್ಗಿಸಿ, ಅರ್ಧ ತಾಸಿನಲ್ಲಿ ಕೊಟ್ಟ. ಅರ್ಧ ತಾಸಿನ ಕೆಲಸಕ್ಕೆ ನಾನು ಹನ್ನೊಂದು ವರ್ಷ ತೆಗೆದುಕೊಂಡಿದ್ದೆ.

ಮನೆಗೆ ತಂದಿಟ್ಟು “ಕುಂತು ನೋಡು” ಎಂದೆ. ನೀಲಮ್ಮ ಕೂತಳು. ಎರಡೂ ಪಾದ ನೆಲಕ್ಕೆ ಸರಿಯಾಗಿ ಊರಿದವು. ಎಡಗೈ ತಾನಾಗಿ ಮಡಚಿ ಹಿಡಿಕೆಯ ಮೇಲೆ ಕೂತಿತು. ಅವಳು ಸ್ವಲ್ಪ ಹೊತ್ತು ತನ್ನ ಬರಿ ಮಡಿಲನ್ನು ನೋಡಿಕೊಂಡು, “ಈಗ ಬರೋಬ್ಬರಿ ಆಗ್ಯಾದ ನೋಡ್ರಿ” ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ‘ನನ್ನದು ತಪ್ಪಾಯಿತು’ ಎಂದು ಹೇಳಲು ನಿಜವಾಗಿ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಹಿಟ್ಟಿನ ಜರಡಿ ಕೇಳಲು ಬಂದು ಬಾಗಿಲಲ್ಲಿ ನಿಂತಳು.

“ಚಹಾ ಮಾಡ್ತೀಯೇನು?” ಎಂದೆ.

ನೀಲಮ್ಮ ನಡದ ಮೇಲೆ ಕೈಯಿಟ್ಟುಕೊಂಡು ಎದ್ದು ಒಳಗೆ ಹೋದಳು. ಕುರ್ಚಿ ಖಾಲಿಯಿತ್ತು, ನಾನು ಕೂತೆ.